ಓರಗಿತ್ತಿಯ ಬೆರಳು ಮೂಸಿ ಕಲಿತ ಚಟ್ನಿ

ಹೋಟೆಲಿಗೆ ಹೋಗಿ ಬಂದ ದಿನ ನನ್ನ ಓರಗಿತ್ತಿ ಬಲಗೈಯನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿದ್ದಳು. ಕೈಗೆ ಏಟು ಬಿದ್ದಿದೆಯೇನೋ ಎಂದು ಸಿಟಿ ಬಸ್ಸಿನಲ್ಲಿ ಜನ ಎದ್ದು ಜಾಗ ಕೊಡುತ್ತಿದ್ದರಂತೆ. ಚಪ್ಪಲಿ ಬಿಟ್ಟು, ನಡುಮನೆ ದಾಟಿ, ಎದುರಿಗೆ ಓಡಿ ಬಂದ ಮಕ್ಕಳನ್ನೂ ಮಾತಾಡಿಸದೆ ನೇರ ಹಿತ್ತಲಿಗೆ ನಾನಿದ್ದಲ್ಲಿಗೆ ಬಂದು, ಆ ಸುತ್ತು ಬಿಚ್ಚಿ, ಉದ್ದುದ್ದನೆಯ ಬೆರಳುಗಳನ್ನು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು.

"ಮೂಸು. ಬೇಗ ಮೂಸು ಕಣೇ, ಹೊರಟೋಗತ್ತೆ."

ನಾನು ಮೂಸುತ್ತಿದ್ದೆ. ಏನು ಮಾಡಲಿ, ಮೂಗು ನನ್ನ ಮಾತು ಕೇಳುತ್ತಿರಲಿಲ್ಲ. ಮೊದಲು ಹುರಿಗಡಲೆಯ ಒಣ ಘಮ, ಅದರ ಹಿಂದೆ ಹಸಿಮೆಣಸಿನಕಾಯಿ, ಆಮೇಲೆ ಒಂದು ಚೂರು ಶುಂಠಿಯೋ ಬೆಳ್ಳುಳ್ಳಿಯೋ. ಹೋಟೆಲಿನಲ್ಲಿ ಅವಳು ಕೈಗೆ ನೀರು ಮುಟ್ಟಿಸುತ್ತಿದ್ದುದು ಶಾಸ್ತ್ರಕ್ಕೆ ಮಾತ್ರ. ಉಜ್ಜಿ ತೊಳೆದುಬಿಟ್ಟರೆ ನಿನಗೆ ತರೋದಕ್ಕೆ ಏನು ಉಳಿಯುತ್ತೆ ಎಂದು ನಗುತ್ತಿದ್ದಳು. ಗಂಡನ ಜೊತೆ ಮಲ್ಲೇಶ್ವರವೋ ಮೆಜೆಸ್ಟಿಕ್ಕೋ ಸುತ್ತಿ, ಕುರ್ಚಿಯ ಮೇಲೆ ಕೂತು, ಬಿಸಿಬಿಸಿಯಾಗಿ ತಿಂದು ಬಂದವಳು ಅವಳು. ಬೆಳಗಿನಿಂದ ಅವಳ ಮಕ್ಕಳಿಗೂ ನನ್ನ ಮಕ್ಕಳಿಗೂ ಮುದ್ದೆ ತಿರುವಿ, ಸೊಪ್ಪಿನ ಸಾರು ಬಡಿಸಿ, ಪಾತ್ರೆ ಬೆಳಗಿ ಕೂತವಳು ನಾನು. ನನ್ನ ಪಾಲಿಗೆ ವಾಸನೆ. ಹೊಟ್ಟೆ ಉರಿಯುತ್ತಿತ್ತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಉರಿಯದೆ ಇರಲು ನಾನೇನು ಕಲ್ಲೇ?

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಮಾಕಳಿಯಿಂದ ಯಶವಂತಪುರದ ಆ ಮನೆಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ನಡುವೆ. ಅವಳು ಬ್ಯಾಟರಾಯನಪುರದವಳು, ನನಗಿಂತ ಮೊದಲೇ ಬಂದು ಮನೆಯನ್ನು ಹಿಡಿತಕ್ಕೆ ತೆಗೆದುಕೊಂಡಿದ್ದಳು. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ "ಮಾಕಳಿಯೋಳೇ". ಎತ್ತರದ ಆಳು. ಗಂಡನ ಹಿಂದೆ ಹೆಜ್ಜೆ ಹಾಕುವುದು ಅವಳಿಂದ ಆಗುತ್ತಿರಲಿಲ್ಲ, ಮಾತಾಡುತ್ತಾ ಮಾತಾಡುತ್ತಾ ಮುಂದೆ ಹೋಗಿಬಿಟ್ಟು, ಆಮೇಲೆ ನೆನಪಾಗಿ ರಸ್ತೆಯಲ್ಲೇ ನಿಂತು ಕಾಯುತ್ತಿದ್ದಳು. ಅವಳು ನಕ್ಕರೆ ರೈಲ್ವೆ ಗೇಟಿನವರೆಗೂ ಕೇಳುತ್ತದೆ ಎಂದು ನಮ್ಮತ್ತೆ ಗೊಣಗುತ್ತಿದ್ದರು. ಅಡಿಗೆ ಮಾತ್ರ ಅವಳಿಗೆ ಒಲಿಯಲಿಲ್ಲ. ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಿದ್ದಳು. ಆದರೆ ಬೇರೆಯವರು ಮಾಡಿದ ಅಡಿಗೆಯಲ್ಲಿ ಉಪ್ಪು ಒಂದು ಕಲ್ಲು ಕಡಿಮೆಯಾದರೂ ಕಣ್ಣುಮುಚ್ಚಿಕೊಂಡು ಹೇಳುತ್ತಿದ್ದಳು. "ಬಾಯಿ ಸುಳ್ಳು ಹೇಳ್ಬೋದು, ನಾಲಿಗೆ ಹೇಳಲ್ಲ ಕಣೇ" ಎನ್ನುವುದು ಅವಳ ಮಾತು.

ಊರ ಹಿಂದೆ ನಮಗೆ ಒಂದಿಷ್ಟು ತೋಟವಿತ್ತು. ಕಪಿಲೆ ಬಾವಿಯ ನೀರಿನಲ್ಲಿ ಕೊತ್ತಂಬರಿ, ಹಸಿಮೆಣಸಿನಕಾಯಿ, ಸೊಪ್ಪು ಬೆಳೆಯುತ್ತಿದ್ದೆವು. ನನ್ನ ಗಂಡ ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದರು. ತೋಟ ನೋಡಿಕೊಳ್ಳುತ್ತಿದ್ದವರು ಭಾವ, ನನ್ನ ಓರಗಿತ್ತಿಯ ಗಂಡ. ಬೆಳಕು ಹರಿಯುವ ಮುಂಚೆ ಸೈಕಲ್ಲಿಗೆ ಕೊತ್ತಂಬರಿ ಕಟ್ಟು ಹೇರಿಕೊಂಡು ಮಲ್ಲೇಶ್ವರದಿಂದ ಹಿಡಿದು ಬಳೇಪೇಟೆವರೆಗೆ ಹೋಟೆಲು ಹೋಟೆಲಿಗೆ ಹಾಕಿ ಬರುತ್ತಿದ್ದರು. ಮೆತ್ತನೆ ಮನುಷ್ಯ. ಹೆಂಡತಿ ನಕ್ಕರೆ ತಾವೂ ನಗುವವರು, ಯಾಕೆ ನಕ್ಕಳು ಎಂದು ಕೇಳುವವರಲ್ಲ.

ಒಂದು ದಿನ ಮಲ್ಲೇಶ್ವರದ ಹೋಟೆಲಿನ ಯಜಮಾನರು, ನಿಮ್ಮ ಕೊತ್ತಂಬರಿಯಿಂದ ನಮ್ಮ ಚಟ್ನಿಗೆ ಹೆಸರು ಬಂತು, ಒಂದು ಸಲ ಮನೆಯವರನ್ನು ಕರೆದುಕೊಂಡು ಬನ್ನಿ ಎಂದರಂತೆ. ಭಾವ ಅದನ್ನು ಊಟಕ್ಕೆ ಕೂತಾಗ ಸುಮ್ಮನೆ ಹೇಳಿದರು. ಅವಳು ಅದನ್ನು ಬಿಡಲಿಲ್ಲ.

"ಹೋಗ್ಬೇಕು. ಮಗಳನ್ನ ಕೊಟ್ಟ ಮೇಲೆ ಒಂದ್ಸಲ ಆ ಮನೆ ನೋಡ್ಕೊಂಡು ಬರಲ್ವಾ? ಕೊತ್ತಂಬರಿ ಬೆಳ್ಸಿದೋರು ನಾವು. ಯಾರ್ ಮನೇಲಿ ಹೆಂಗ್ ಬಾಳ್ತಾ ಇದೆ ಅಂತ ನೋಡ್ಬೇಡ್ವಾ?"

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. "ಓಟ್ಲಿಗಾ? ಎಂಗಸ್ರು ಓಟ್ಲಿಗೆ ಓಗೋದಾ? ಮನೇಲೇನು ಒಲೆ ಇಲ್ವಾ?"

ಆ ಕಾಲದಲ್ಲಿ ಹೋಟೆಲು ಎಂದರೆ ಗಂಡಸರ ಜಾಗ. ಹೆಂಗಸರು ಹೋದರೆ ಒಳಗಡೆ ಫ್ಯಾಮಿಲಿ ರೂಮು ಎಂದು ಹಲಗೆ ಅಡ್ಡ ಹಾಕಿ ಪರದೆ ಬಿಟ್ಟ ಗೂಡುಗಳಿರುತ್ತಿದ್ದವು, ಅದರೊಳಗೆ ಕೂರಬೇಕು. ನಮ್ಮ ಬೀದಿಯಲ್ಲಿ ಆ ಪರದೆ ಕಂಡ ಹೆಂಗಸು ಒಬ್ಬಳೂ ಇರಲಿಲ್ಲ. ಭಾವ ತಲೆ ತಗ್ಗಿಸಿ ಕೂತರು. ಅವಳು ಮಾತ್ರ ಅತ್ತೆಯ ಪಕ್ಕಕ್ಕೆ ಜರುಗಿ, ಬೆಂಗಳೂರಿನಲ್ಲೆಲ್ಲಾ ಒಳ್ಳೆ ಚಟ್ನಿ ಯಾವುದೆಂದು ತಿಂದು ನೋಡಿ, ಅದನ್ನು ನಮ್ಮ ಒರಳಲ್ಲಿ ತೆಗೆಸುತ್ತೇನೆ, ಅಂಥ ಚಟ್ನಿಗೆ ನಿಮಗೆ ಒಂದು ಮುದ್ದೆ ಜಾಸ್ತಿ ಇಳಿಯದಿದ್ದರೆ ಕೇಳಿ ಎಂದು ಪುಸಲಾಯಿಸಿದಳು. ಅತ್ತೆಗೆ ಚಟ್ನಿ ಎಂದರೆ ಪ್ರಾಣ. ಬಹಳ ಹೊತ್ತು ಬಿಟ್ಟು ಒಪ್ಪಿದರು, ಆದರೆ ಒಂದು ಕರಾರು ಹಾಕಿದರು.

"ಆ ರುಚಿ ನಮ್ಮನೆ ಒರಳಲ್ಲಿ ಬಂದ್ ದಿನವೇ ಓಟ್ಲು ಬಂದ್. ಆಮ್ಯಾಕೆ ಕೇಳ್ಬಾರ್ದು. ಇನ್ನೊಂದ್ ಮಾತು, ಓಟ್ಲು ಪದಾರ್ಥ ನನ್ನ ಒಸ್ಲು ದಾಟ್ಬಾರ್ದು. ತಿನ್ನೋದನ್ನ ಅಲ್ಲೇ ತಿಂದ್ಕೊಂಡ್ ಬರ್ಬೇಕು."

ಅದಕ್ಕೆ ಭಾವ ಅವಳ ಮುಖ ನೋಡಿ, "ನಿಂಗೆ ಇದೇ ಅನ್ನಿಸೋ ಚಟ್ನಿ ಸಿಗೋವರೆಗೂ ಕರ್ಕೊಂಡ್ ಹೋಗ್ತೀನಿ ಬಿಡು" ಎಂದುಬಿಟ್ಟರು. ಎಲ್ಲರ ಮುಂದೆ, ತಾಯಿಯ ಮುಂದೆ, ಹೆಂಡತಿಗೆ ಹಾಗೆ ಮಾತು ಕೊಟ್ಟ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ನನ್ನ ಗಂಡನ ಕಡೆ ನೋಡಿದೆ. ಅವರು ಸಾರಿನಲ್ಲಿ ಕಾಳು ಹುಡುಕುತ್ತಿದ್ದರು.

ಹೀಗೆ ಶುರುವಾಯಿತು ಅವಳ ಭಾನುವಾರದ ಬೇಟೆ. ಹಣೆಗೆ ದುಂಡಗೆ ಕುಂಕುಮ, ತಲೆಗೆ ಹಿತ್ತಲ ಕನಕಾಂಬರ, ಮದುವೆಯ ಸೀರೆ. ಮಕ್ಕಳನ್ನು ನನ್ನ ಕಡೆ ತಳ್ಳಿ, "ಸ್ವಲ್ಪ ನೋಡ್ಕೋ ಕಣೇ, ಬಂದ್ಬಿಡ್ತೀನಿ" ಎಂದು ಹೊರಟರೆ ಬರುತ್ತಿದ್ದುದು ಮಧ್ಯಾಹ್ನ ಇಳಿದ ಮೇಲೆ. ಮಲ್ಲೇಶ್ವರ ಮುಗಿಯಿತು, ಗಾಂಧಿನಗರ ಆಯಿತು, ಚಿಕ್ಕಪೇಟೆ, ಬಸವನಗುಡಿ. ಬಂದವಳು ಬೆರಳು ಮೂಸಿಸಿ, ಒರಳಿನ ಪಕ್ಕದ ಕಲ್ಲಿನ ಮೇಲೆ ಕೂತು ವರ್ಣಿಸುವಳು. ಈ ಹೋಟೆಲಿನವರು ಹುರಿಗಡಲೆ ಜಾಸ್ತಿ ಹಾಕಿ ಮೋಸ ಮಾಡುತ್ತಾರೆ, ಬಾಯಲ್ಲಿ ಗೋಡೆಗೆ ಮೆತ್ತಿದ ಹಾಗೆ ಮೆತ್ತಿಕೊಳ್ಳುತ್ತದೆ. ಆ ಹೋಟೆಲಿನದು ಗಟ್ಟಿ ಚಟ್ನಿ, ದೋಸೆ ಮೇಲೆ ಇಟ್ಟರೆ ಅಲ್ಲಾಡುವುದಿಲ್ಲ. ಇನ್ನೊಂದು ಕಡೆ ಬಟ್ಟಲಿಗೆ ಚಟ್ನಿ ಸುರಿದು ಹೋದ ಸಪ್ಲೈಯರು ಮತ್ತೆ ಕರೆಯದೆಯೇ ಬಂದು ಸುರಿದನಂತೆ. ಮೇಜಿನ ಮೇಲೆ ಒಂದು ಗುಂಡಿ, ಒತ್ತಿದರೆ ಒಳಗೆಲ್ಲೋ ಗಂಟೆ ಬಾರಿಸುತ್ತದಂತೆ. ಅವಳು ಸುಮ್ಮನೆ ಎರಡು ಸಲ ಒತ್ತಿ ಭಾವನಿಂದ ಬೈಸಿಕೊಂಡಳಂತೆ. ಚಟ್ನಿಗಿಂತ ನನಗೆ ಆ ಗುಂಡಿಯ ಮೇಲೆ ಹೊಟ್ಟೆಕಿಚ್ಚು ಹೆಚ್ಚಾಗಿತ್ತು ಎಂದು ಕಾಣುತ್ತದೆ. ಪಾತ್ರೆ ಬೆಳಗುವಾಗ ಬೂದಿ ಹತ್ತಿದ ಹೆಬ್ಬೆರಳನ್ನು ಕಲ್ಲಿಗೆ ಒತ್ತಿ ನೋಡಿದ್ದುಂಟು.

ಮಾರನೆಯ ದಿನ ಅದನ್ನೇ ನಾನು ರುಬ್ಬಬೇಕು. ಅವಳು ಹೇಳುವುದು, ನಾನು ಗುಂಡುಕಲ್ಲು ತಿರುಗಿಸುವುದು. ಮೂಗಿನಲ್ಲಿ ಉಳಿದದ್ದನ್ನು ಕೈಗೆ ತರುವುದು ಎಷ್ಟು ಕಷ್ಟ ಎಂದು ರುಬ್ಬಿದವರಿಗೇ ಗೊತ್ತು. ಮೊದಮೊದಲು ಏನೋ ಆಗುತ್ತಿತ್ತು. ಆಮೇಲೆ ನನಗೇ ಕೆಲವು ಸಂಗತಿ ಹೊಳೆಯತೊಡಗಿದವು. ಹುರಿಗಡಲೆಯನ್ನು ಮೊದಲು ಒಣದಾಗಿಯೇ ತಿರುವಬೇಕು. ಮೆಣಸಿನಕಾಯಿಗೆ ಎರಡು ಹನಿ ಎಣ್ಣೆ ತೋರಿಸಿ ಬಾಡಿಸಬೇಕು. ಕೊತ್ತಂಬರಿಯಲ್ಲಿ ಎಲೆಗಿಂತ ಕಡ್ಡಿಯಲ್ಲಿ ಪರಿಮಳ ಹೆಚ್ಚು, ಎಳೆ ಕಡ್ಡಿ ಬಿಸಾಡಬಾರದು. ಕಾಯಿ ಕೊನೆಗೆ, ಅದೂ ನಾಲ್ಕು ಸುತ್ತು ಬಂದರೆ ಸಾಕು. ಹುಣಸೆಹಣ್ಣು ಇದೆ ಎಂದು ಗೊತ್ತಾಗಬಾರದು, ಇಲ್ಲದಿದ್ದರೆ ಮಾತ್ರ ಗೊತ್ತಾಗಬೇಕು.

ಬಟ್ಟಲಲ್ಲಿ ಬಳಿದು ಅವಳ ಮುಂದೆ ಇಟ್ಟರೆ, ಅತ್ತೆಯೂ ಭಾವನೂ ನನ್ನ ಗಂಡನೂ ಅವಳ ಬಾಯನ್ನೇ ನೋಡುತ್ತಿದ್ದರು. ಬೆರಳಲ್ಲಿ ಅದ್ದಿ, ನಾಲಗೆಗೆ ಇಟ್ಟು, ಕಣ್ಣು ಮುಚ್ಚಿ, ಅವಳು ತಲೆ ಅಲ್ಲಾಡಿಸುವಳು.

"ಉಹೂಂ. ಹತ್ರ ಬಂದಿದೆ. ಆದ್ರೆ ಇದಲ್ಲ."

ಆ ಮಾತನ್ನು ನಾನು ವರ್ಷಗಟ್ಟಲೆ ಕೇಳಿದೆ. ಕಲ್ಲು ಸವೆದಿದೆ, ಉಳಿ ಹೊಡೆಸಬೇಕು ಎಂದು ಒಂದು ಸಲ ಅಂದೆ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ" ಎಂದರು ಅತ್ತೆ. ಆದರೂ ಕಲ್ಲಿಗೆ ಉಳಿ ಹೊಡೆಸಿದರು. ಆಗಲೂ "ಉಹೂಂ". ನನಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಅವಳ ಬಾಯಿಂದ, ಎಲ್ಲರ ಮುಂದೆ, "ಇದೇ" ಎನ್ನುವ ಮಾತು. ಅದು ಬರದಿದ್ದುದಕ್ಕೆ ನನ್ನ ಕೈಯೇ ಸರಿಯಿಲ್ಲ ಎಂದು ನಂಬಿಬಿಟ್ಟಿದ್ದೆ. ತವರಿನಲ್ಲಿ ನಮ್ಮವ್ವ ನನ್ನ ಕೈಯಡಿಗೆಯನ್ನು ಹೊಗಳಿದ್ದು ಮಗಳೆಂಬ ಮೋಹಕ್ಕೆ ಇರಬೇಕು ಎಂದುಕೊಂಡಿದ್ದೆ.

ಹಾಗೆಂದು ಅವಳು ಕೆಟ್ಟವಳೇ? ಎರಡನೆಯ ಬಸುರಿನಲ್ಲಿ ನನಗೆ ಏನೂ ಸೇರುತ್ತಿರಲಿಲ್ಲ. ಹೋಟೆಲಿನ ಚಟ್ನಿ ಒಂದು ಚೂರು ನಾಲಗೆಗೆ ಬಿದ್ದರೆ ಸಾಕು ಅನ್ನಿಸುತ್ತದೆ ಎಂದು ಬಾಯಿ ತಪ್ಪಿ ಅಂದಿದ್ದೆ. ಆ ಭಾನುವಾರ ಅವಳು ಅತ್ತೆಯ ಆಣತಿ ಮೀರಿ, ಬಾಳೆಲೆಯಲ್ಲಿ ಕಟ್ಟಿಸಿಕೊಂಡು, ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದಳು. ಬೇಸಿಗೆಯ ಬಿಸಿಲು, ಸಾಲದ್ದಕ್ಕೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಹಿತ್ತಲಲ್ಲಿ ಬಿಚ್ಚಿದರೆ ಚಟ್ನಿ ಹುಳಿತು ನೊರೆ ಬಂದಿತ್ತು, ಅರ್ಧ ಅವಳ ಮದುವೆ ಸೀರೆಗೆ ಇಳಿದಿತ್ತು. ಸೀರೆ ಹೋಯಿತೆಂದು ಅವಳು ಅಳಲಿಲ್ಲ, ಚಟ್ನಿ ಹೋಯಿತೆಂದು ಅತ್ತಳು. ನನಗೂ ಅಳು ಬಂತು. ಅಂಥವಳ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ, ಅದೇ ನನ್ನ ದೊಡ್ಡ ಕಷ್ಟ.

ನನ್ನ ಗಂಡನನ್ನು ಕೇಳಲಿಲ್ಲವೇ ಎಂದರೆ, ಕೇಳಿದ್ದೆ. "ಮನೇಲಿ ಒಲೆ ಕೆಟ್ಟೋಗಿದ್ಯಾ?" ಎಂದು ಅವ್ವನ ಮಾತನ್ನೇ ಹೇಳಿ ಮಗ್ಗುಲು ಬದಲಾಯಿಸಿದ್ದರು.

ಕೊನೆಗೆ ಒಂದು ಸೋಮವಾರ ನನ್ನ ತಾಳ್ಮೆ ಮುಗಿಯಿತು. ಆ ದಿನದ ಚಟ್ನಿ ಹೇಗಾಗಿತ್ತೆಂದರೆ ರುಬ್ಬುವಾಗಲೇ ನನ್ನ ಬಾಯಲ್ಲಿ ನೀರು. ಭಾವ ಬಟ್ಟಲು ಬಳಿದರು. ನನ್ನ ಗಂಡ, ಅಡಿಗೆಯ ಬಗ್ಗೆ ಮಾತೇ ಆಡದವರು, "ಇನ್ನೊಂಚೂರು ಇದ್ಯಾ?" ಎಂದು ಕೇಳಿದರು. ಅತ್ತೆ ಇನ್ನೊಂದು ಮುದ್ದೆ ಹಾಕಿಸಿಕೊಂಡು, "ಇದೇ ಅಲ್ವೇನೇ ಮತ್ತೆ?" ಎಂದು ಹಿರಿಸೊಸೆಯನ್ನು ನೋಡಿದರು. ಅವಳು ಬೆರಳು ನೆಕ್ಕಿ, ಕಣ್ಣು ಮುಚ್ಚಿ, "ಉಹೂಂ, ಏನೋ ಒಂದು ಕಮ್ಮಿ" ಎಂದಳು.

ನಾನು ಹಿತ್ತಲಿಗೆ ಹೋಗಿ ಒರಳು ತೊಳೆದು, ಗುಂಡುಕಲ್ಲನ್ನು ಗೋಡೆಗೆ ಒರಗಿಸಿ ಬಂದು ಹೇಳಿದೆ. "ಇನ್ನ್ ಮೇಲೆ ನಾನು ರುಬ್ಬಲ್ಲ. ಬೇಕಾದೋರು ರುಬ್ಕೊಳ್ಳಿ. ನಾನು ಯಾರ ಬೆರಳೂ ಮೂಸಲ್ಲ."

ಅವಳು ಮುಂದಿನ ಭಾನುವಾರ ಬಂದು ಬೆರಳು ಚಾಚಿದಳು, ನಾನು ಮುಖ ತಿರುಗಿಸಿದೆ. ಅದರ ಮುಂದಿನ ವಾರವೂ ಅಷ್ಟೇ. ಅತ್ತೆ ಲೆಕ್ಕಾಚಾರದ ಹೆಂಗಸು. "ಮನೆಗೆ ಚಟ್ನಿ ಬರ್ದಿದ್ ಮೇಲೆ ಇವ್ಳು ಓಟ್ಲು ಸುತ್ತೋದ್ಯಾಕೆ?" ಎಂದು ಭಾವನಿಗೆ ಕೇಳಿಸುವಂತೆ ಹೇಳಿದರು. ಅವಳ ಮುಖ ಬಿಳಿಚಿಕೊಂಡಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಅವಳು ಯಾರೂ ಎಣಿಸದ ಕೆಲಸ ಮಾಡಿದಳು. "ಅತ್ತೆ, ಮೂಸಿ ಮಾಡಿದ್ರೆ ಎಷ್ಟು ಅಂತ ಬರತ್ತೆ? ಇವ್ಳ ನಾಲಿಗೆಗೂ ಒಂದ್ಸಲ ಬೀಳ್ಬೇಕು. ನಾನೇ ಕರ್ಕೊಂಡ್ ಹೋಗ್ತೀನಿ" ಎಂದಳು. ಅತ್ತೆ ಬಹಳ ಕೂಗಾಡಿ, "ಒಂದೇ ಒಂದ್ ಸಲ" ಎಂದು ಒಪ್ಪಿ, ಮಕ್ಕಳನ್ನು ತಾವೇ ನೋಡಿಕೊಳ್ಳುತ್ತೇನೆಂದರು.

ಹೀಗೆ ನಾನು ಮಲ್ಲೇಶ್ವರದ ಆ ಹೋಟೆಲಿಗೆ ಹೋದೆ, ಭಾವ ಅವಳನ್ನು ಮೊಟ್ಟಮೊದಲು ಕರೆದುಕೊಂಡು ಹೋಗಿದ್ದು ಅಲ್ಲಿಗೇ. ತಮ್ಮನ ಹೆಂಡತಿಯ ಎದುರು ಭಾವ ಒಂದೇ ಮೇಜಿಗೆ ಕೂರುವ ಹಾಗಿಲ್ಲ. ಅವರು ಹೊರಗೆ ಗಂಡಸರ ನಡುವೆ ಕೂತರು, ನಾವಿಬ್ಬರು ಪರದೆಯೊಳಗೆ. ತಣ್ಣನೆ ಕಲ್ಲಿನ ಮೇಜು, ಗೋಡೆಯಲ್ಲಿ ಒಂದು ಕನ್ನಡಿ. ಅವಳು ಗುಂಡಿ ತೋರಿಸಿ, "ಒತ್ತು" ಎಂದಳು. ಒತ್ತಿದೆ. ಒಳಗೆಲ್ಲೋ ಗಂಟೆ ಬಾರಿಸಿತು. ನನ್ನ ಮೈ ಜುಮ್ಮೆಂದಿತು.

ಖಾಲಿ ದೋಸೆ ಬಂತು, ಜೊತೆಗೆ ಹಿತ್ತಾಳೆ ಬಟ್ಟಲಲ್ಲಿ ಚಟ್ನಿ. ನಾನು ಬೆರಳಲ್ಲಿ ಅದ್ದಿ ನಾಲಗೆಗಿಟ್ಟೆ. ಇನ್ನೊಂದು ಸಲ ಇಟ್ಟೆ. ದೋಸೆ ಮುರಿದು ಅದ್ದಿ ತಿಂದೆ. ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಆದರೆ ಉಪ್ಪು ಒಂದು ಕಲ್ಲು ಕಡಿಮೆ. ಮೆಣಸಿನಕಾಯಿ ಹಸಿಯಾಗಿಯೇ ಬಿದ್ದಿತ್ತು. ಕೊತ್ತಂಬರಿ ನಮ್ಮದೇ, ಆದರೆ ಕಡ್ಡಿ ಹಾಕಿರಲಿಲ್ಲ. ನಾನು ಗೋಡೆಗೆ ಕಲ್ಲು ಒರಗಿಸಿದ ದಿನದ ಚಟ್ನಿಯ ಕಾಲ ಧೂಳಿಗೂ ಇದು ಸಮವಲ್ಲ.

ತಲೆಯೆತ್ತಿದೆ. ಅವಳು ತನ್ನ ದೋಸೆ ಮುಟ್ಟದೆ ನನ್ನನ್ನೇ ನೋಡುತ್ತಿದ್ದಳು.

"ಬೇರೆ ಹೋಟ್ಲಿಂದು ಇದಕ್ಕಿಂತ ಚೆನ್ನಾಗಿರತ್ತಾ?" ಎಂದೆ.

"ಇಲ್ಲ. ಇರೋದ್ರಲ್ಲಿ ಇದೇ ವಾಸಿ."

"ಮತ್ತೆ ನಂದು?"

ಅವಳು ತನ್ನ ದೋಸೆಯ ಅಂಚು ಚಿವುಟತೊಡಗಿದಳು. ಬೇರೆ ಉತ್ತರ ಬೇಕಾಗಿರಲಿಲ್ಲ. ನನಗೆ ಮೈಯೆಲ್ಲಾ ಉರಿದುಹೋಯಿತು. ಹೊರಗೆ ಭಾವ ಕೂತಿದ್ದಾರೆ, ಕೂಗುವ ಹಾಗಿಲ್ಲ. ಪಿಸುಮಾತಿನಲ್ಲಿ ಜಗಳವಾಡುವುದು ಎಷ್ಟು ಕಷ್ಟ ಎಂದು ಅಂದೇ ನನಗೆ ತಿಳಿದದ್ದು.

"ಹಿತ್ತಲ ಗಿಡ ಮದ್ದಲ್ಲ ಅಂತ ಮಾಡ್ಬಿಟ್ರಲ್ಲಕ್ಕಾ! ನಾಲಿಗೆ ಸುಳ್ಳು ಹೇಳಲ್ಲ ಅಂತಿದ್ರಲ್ಲ? ಇಷ್ಟು ವರ್ಷ ನನ್ನ ಕೈನೇ ಕೆಟ್ಟದ್ದು ಅಂತ ನಾನು ಅತ್ಕೊಂಡ್ ಮಲಗ್ತಿದ್ದೆ."

"ನಾಲಿಗೆ ಹೇಳ್ಲಿಲ್ಲ ಕಣೇ, ಬಾಯಿ ಹೇಳ್ತು" ಎಂದಳು. ನಗಲು ನೋಡಿ, ನಗು ಬರದೆ ಸೆರಗು ಬಾಯಿಗಿಟ್ಟುಕೊಂಡಳು. "ಇದೇ ಅಂದ್ರೆ ಏನಾಗ್ತಿತ್ತು ಹೇಳು? ಅತ್ತೆ ಮಾತು ಮಾತೇ. ಆವತ್ತಿಗೆ ಹೋಟ್ಲು ಬಂದ್. ಮನೇಲಿ ನಾನು ನಿನ್ನ ಭಾವನ ಜೊತೆ ಎದುರಾಬದುರು ಕೂತು ಯಾವತ್ತಾದ್ರೂ ಉಂಡಿದ್ದು ನೋಡಿದ್ಯಾ? ಈ ಪರದೆ ಒಳಗೆ ಮಾತ್ರ ಅವ್ರು ನಂಗೆ ತಿನ್ನು ಅಂತಾರೆ, ನಾನು ಅವ್ರಿಗೆ ತಿನ್ನಿ ಅಂತೀನಿ. ಅದನ್ನ ಬಿಡಕ್ಕಾಗ್ಲಿಲ್ಲ."

ಅವಳೇ ಮುಂದುವರಿಸಿದಳು.

"ಇನ್ನೊಂದು ಹೇಳ್ಲಾ? ನಿನ್ನ ಕೈ ಕಂಡ್ರೆ ನಂಗೆ ಹೊಟ್ಟೆ ಉರಿ. ನೀನು ಬಂದ್ ಮೊದಲನೇ ವಾರ ಅತ್ತೆ ನಿನ್ನ ಸಾರಿಗೆ ಕೈ ನೆಕ್ಕಿದ್ರು. ನಂಗೆ ಒಂದಿನಾನೂ ನೆಕ್ಕಿಲ್ಲ. ಇದೇ ಅನ್ನೋ ಮಾತು ಬಂದ್ರೂ ಗಂಟಲಲ್ಲೇ ನಿಂತ್ಕೊಳ್ತಿತ್ತು."

ನನ್ನ ಮೇಲೆ ಅವಳಿಗೆ ಹೊಟ್ಟೆಕಿಚ್ಚು! ಅಂಥದ್ದೊಂದು ಇರಬಹುದೆಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸಿಟ್ಟಿನ ನಡುವೆಯೂ ಎಲ್ಲೋ ಒಂದು ಕಡೆ ಹಾಯೆನಿಸಿತು.

"ಇಲ್ಲಿಗೆ ಕರ್ಕೊಂಡು ಬಂದ್ರೆ ನಂಗೆ ಗೊತ್ತಾಗತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಗೊತ್ತಾಗ್ಲಿ ಅಂತ್ಲೇ ಕರ್ಕೊಂಡ್ ಬಂದೆ. ನೀನು ಒರಳು ಬಿಟ್ಟು ಮೂಲೇಲಿ ಕೂತಿದ್ದು ನೋಡಕ್ಕಾಗ್ಲಿಲ್ಲ. ಎಲ್ರ ಮುಂದೆ ಹೇಳ್ತೀನಿ ಕಣೇ, ಆಣೆ. ಈಗ ಬೇಡ. ಅತ್ತೆ ಕಾಲ ಆಗ್ಲಿ. ಆಮೇಲೆ ಕರಾರೂ ಇಲ್ಲ, ಹೆದರಿಕೇನೂ ಇಲ್ಲ. ನಾನೇ ಕೂತ್ಕೊಂಡು ಇದೇ ಅಂತೀನಿ."

ತಣ್ಣಗಾದ ತನ್ನ ದೋಸೆಯನ್ನು ಅವಳು ಆಗ ಬೇಗಬೇಗ ತಿಂದು ಮುಗಿಸಿದಳು. ನನ್ನ ಕೈ ತನ್ನ ಪಾಡಿಗೆ ತಾನು ಕೆಲಸ ಶುರುಮಾಡಿತು. ಎದ್ದು ಎರಡೂ ತಟ್ಟೆ ಒಂದರ ಮೇಲೊಂದು ಇಟ್ಟು, ಬಟ್ಟಲು ಎತ್ತಿಕೊಂಡು, ಎಂಜಲು ಬಳಿದು, ಮನೆಯಲ್ಲಿ ಮಾಡುವ ಹಾಗೆ ಬೊಗಸೆ ನೀರು ಚಿಮುಕಿಸಿ ಮೇಜು ಸಾರಿಸತೊಡಗಿದೆ. ಕಾಫಿ ಹಿಡಿದು ಒಳಗೆ ಬಂದ ಸಪ್ಲೈಯರು ಬೆಚ್ಚಿಬಿದ್ದ. "ಅಯ್ಯೋ ಅಮ್ಮಾ, ಬಿಡಿ! ಯಜಮಾನ್ರು ನೋಡಿದ್ರೆ ನಂಗೆ ಬೈತಾರೆ!" ಎಂದು ತಟ್ಟೆ ಎಳೆದ, ನಾನು ಬಿಡಲಿಲ್ಲ. ಉಂಡ ತಟ್ಟೆ ಬಿಟ್ಟು ಏಳುವುದು ನಮ್ಮ ಮನೆಯಲ್ಲಿ ಗಂಡಸರಿಗೆ ಮಾತ್ರ. ಅವಳು ಬಿದ್ದು ಬಿದ್ದು ನಕ್ಕಳು. ಹೊರಗಿನಿಂದ ಭಾವ ನಗುತ್ತಿರುವುದೂ ಕೇಳಿಸಿತು, ಅವರಿಗೆ ಯಾಕೆಂದು ಗೊತ್ತಿರಲಿಲ್ಲ.

ಮನೆಗೆ ಬಂದೊಡನೆ ಅತ್ತೆ ಕೇಳಿದರು, "ಏನಮ್ಮಿ, ತಿಳೀತಾ?"

ತಿಳಿಯಿತು ಎಂದಿದ್ದರೆ ಅಂದೇ ನನ್ನ ಹೆಸರು ನಿಲ್ಲುತ್ತಿತ್ತು. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಬಿಡುತ್ತಾ ನಿಂತೇಬಿಟ್ಟಿದ್ದಳು. ನಾನು ಹೇಳಿದೆ, "ಇಲ್ಲ ಅತ್ತೆ. ಇನ್ನೊಂದೆರಡು ಕಡೆ ತಿಂದು ನೋಡ್ಬೇಕು."

ಚಟ್ನಿಯ ಆಸೆಗೆ ಅತ್ತೆ ಒಂದೇ ಸಲ ಎಂಬ ಮಾತನ್ನು ಸಡಿಲಿಸಿದರು, ಅಲ್ಲಿಂದ ಮುಂದೆ ತಿಂಗಳಿಗೊಂದು ಭಾನುವಾರ ನನ್ನದೂ ಆಯಿತು. ಕಲಿಯಬೇಕಾದವಳು ನಿನ್ನ ಹೆಂಡತಿಯೇ ತಾನೇ ಎಂದು ಭಾವ ತಮ್ಮನನ್ನು ಗದರಿಸಿ, ನನ್ನ ಗಂಡನನ್ನು ನನ್ನ ಜೊತೆ ಅಟ್ಟಿದರು. ಅವರು ಪರದೆಯೊಳಗೆ ಕೂತು ಮೊದಲ ದಿನ ಗೋಡೆ ನೋಡಿದರು, ಎರಡನೆಯ ಸಲ ಕನ್ನಡಿ ನೋಡಿದರು, ಮೂರನೆಯ ಸಲ ನನ್ನನ್ನು. ಒರಳಿನ ಮುಂದೆ ಮತ್ತೆ ಅದೇ ನಾಟಕ. ನಾನು ಪ್ರಾಣ ಹಾಕಿ ರುಬ್ಬುವುದು, ಅವಳು ಕಣ್ಣು ಮುಚ್ಚಿ "ಉಹೂಂ" ಎನ್ನುವುದು. ಈಗ ನನಗೆ ಕಾರಣ ಗೊತ್ತು, ನನಗೂ ಅದರಲ್ಲಿ ಪಾಲಿದೆ. ಆದರೂ ಪ್ರತಿ ಸಲ ಆ "ಉಹೂಂ" ಕೇಳಿದಾಗ ನನ್ನೊಳಗೆ ಏನೋ ಚುರ್ ಎನ್ನುತ್ತಿತ್ತು. ಅವಳು ಅದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ ನಿಜವೇ ಇರಬಹುದೇ ಎಂದು ಅನುಮಾನ ಬರುತ್ತಿತ್ತು. "ಬೆಂಗ್ಳೂರೆಲ್ಲಾ ತಿರುಗುದ್ರೂ ನಿಮ್ಗೊಂದು ಚಟ್ನಿ ಸಿಕ್ಕಲ್ವಲ್ಲಾ" ಎಂದು ಅತ್ತೆ ಬಟ್ಟಲು ಬಳಿಯುತ್ತಾ ಗೊಣಗುತ್ತಿದ್ದರು.

ಅತ್ತೆ ಗಟ್ಟಿ ಜೀವ. ಹೋದವಳು ಅವಳು.

ಅರವತ್ತರ ದಶಕದ ಕೊನೆಯಲ್ಲಿ ಅವಳಿಗೆ ಕಾಮಾಲೆಯಾಯಿತು. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ, ಬರೀ ಗಂಜಿ. ಕಣ್ಣು, ಉಗುರು ಎಲ್ಲಾ ಹಳದಿ. ಹಳ್ಳಿ ಮದ್ದು ಕುಡಿಸಿ ಕಾದೆವು, ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ಕೊನೆಯ ದಿನಗಳಲ್ಲಿ ಅವಳಿಗೆ ಮಾತಾಡುವ ಶಕ್ತಿ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿದ್ದಾಗ ನನ್ನ ಬಲಗೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಏನಕ್ಕಾ ಎಂದೆ. ಏನಿಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು. ಎಲ್ಲರ ಮುಂದೆ ಹೇಳುತ್ತೇನೆಂದು ಆಣೆ ಇಟ್ಟವಳು ಹೇಳದೆಯೇ ಹೋದಳು. ಅತ್ತಷ್ಟೇ ಸಿಟ್ಟನ್ನೂ ನಾನು ಮಾಡಿಕೊಂಡೆ.

ಅವಳಿಗೆ ಎಡೆ ಇಡುವ ದಿನ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲಾ ಮಾಡಿ ಬಾಳೆಲೆಯಲ್ಲಿ ಬಡಿಸಬೇಕು. ಹಿಂದಿನ ದಿನ ನಡುಮನೆಯಲ್ಲಿ ಎಲ್ಲರೂ ಕೂತಿದ್ದೆವು. ಭಾವ ಕಂಬಕ್ಕೆ ಒರಗಿಕೊಂಡು ಮಗುವಿನ ಹಾಗೆ ಅಳತೊಡಗಿದರು.

"ಮಾತು ಕೊಟ್ಟಿದ್ದೆ ಅವ್ವಾ. ಇದೇ ಅನ್ನಿಸೋ ಚಟ್ನಿ ಸಿಗೋವರೆಗೂ ಕರ್ಕೊಂಡ್ ಹೋಗ್ತೀನಿ ಅಂದಿದ್ದೆ. ಅಷ್ಟು ವರ್ಷ ತಿರುಗಿಸ್ದೆ, ಒಂದೂ ಅವಳ ನಾಲಿಗೆಗೆ ಒಪ್ಪಲಿಲ್ಲ. ಅವಳಿಗೆ ಸಮಾಧಾನ ಆಗೋ ಹಂಗೆ ಒಂದ್ ತುತ್ತು ತಿನ್ಸೋಕಾಗ್ಲಿಲ್ಲ ನನ್ ಕೈಲಿ. ನಾಳೆ ಯಾವ ಚಟ್ನಿ ಅಂತ ಇಡ್ಲಿ?"

ಅತ್ತೆ ನನ್ನ ಕಡೆ ತಿರುಗಿದರು. "ನೀನ್ ಏಳಮ್ಮಿ. ಅವ್ಳ ಜೊತೆ ಒರಳಲ್ಲಿ ಇದ್ದೋಳು ನೀನು. ಯಾವ್ದಾದ್ರೂ ಒಂದ್ ಚಟ್ನಿ ಅವ್ಳು ಮೆಚ್ಚಿದ್ಳಾ?"

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಗಂಡ, ಭಾವ, ಅತ್ತೆ. ನಮ್ಮ ಒರಳಿನದೇ ಅವಳು ಮೆಚ್ಚಿದ್ದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಸತ್ಯವೂ ಆಗಿತ್ತು, ನಾನು ಅದಕ್ಕಾಗಿ ಎಷ್ಟೋ ವರ್ಷ ಕಾದಿದ್ದೆ. ಬಾಯಿಗೆ ಬಂದೇಬಿಟ್ಟಿತು. ಆದರೆ ಭಾವನ ಮುಖ ನೋಡಿದೆ. ಮನೆಯಲ್ಲೇ ಸಿಕ್ಕಿದ್ದನ್ನು ಮುಚ್ಚಿಟ್ಟು ನನ್ನನ್ನು ಊರೆಲ್ಲಾ ಸುತ್ತಿಸಿದಳೇ ಎಂದು ಅವರಿಗೆ ಅನ್ನಿಸಿದರೆ? ಪರದೆಯೊಳಗೆ ಕೂತ ಅಷ್ಟು ಭಾನುವಾರಗಳೂ ಅವರ ಪಾಲಿಗೆ ಬರೀ ಉಪಾಯವಾಗಿ, ಅವರು ತಿನ್ನಿಸಿದ್ದೊಂದೂ ಅವಳಿಗೆ ಒಪ್ಪಲಿಲ್ಲವೆಂದೇ ಉಳಿದುಬಿಟ್ಟರೆ?

"ಮೆಚ್ಚಿದ್ರು ಅತ್ತೆ" ಎಂದೆ. "ಭಾವ ಮೊದಲನೇ ಸಲ ಕರ್ಕೊಂಡ್ ಹೋಗಿದ್ರಲ್ಲ, ಮಲ್ಲೇಶ್ವರದ್ದು. ಆವತ್ತೇ ಇದೇ ಅನ್ನಿಸ್ತಂತೆ. ನನ್ ಹತ್ರ ಹೇಳಿದ್ರು."

ಭಾವ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. "ಮೊದಲನೇ ದಿನಾನಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಆಮೇಲೆ ಕರ್ಕೊಂಡ್ ಹೋಗಲ್ವಲ್ಲ ಭಾವ. ನಿಮ್ಮೆದುರು ಕೂತು ತಿನ್ನೋದು ಅವ್ರಿಗೆ ಬೇಕಿತ್ತು. ಚಟ್ನಿ ಒಂದು ನೆಪ."

ಭಾವ ಅಳುತ್ತಲೇ ನಗತೊಡಗಿದರು. ಈ ಸಲ ಅವರಿಗೆ ಯಾಕೆ ನಗುತ್ತಿದ್ದೇನೆಂದು ಗೊತ್ತಿತ್ತು. ಅತ್ತೆ ಮೂಗು ಸೀದಿ, "ತಕ್ಕೊಂಬಾ ಓಗು. ಅದ್ನೇ ಇಡಾಣ" ಎಂದರು. ಅತ್ತೆಯ ಜೀವಮಾನದಲ್ಲಿ ಮೊದಲ ಸಲ, ಅವರದೇ ಅಪ್ಪಣೆಯ ಮೇಲೆ, ಹೋಟೆಲಿನ ಪದಾರ್ಥ ಆ ಹೊಸಿಲು ದಾಟಿತು.

ಅಂದಿನಿಂದ ಪ್ರತಿ ಪಿತೃಪಕ್ಷಕ್ಕೂ ನಮ್ಮ ಮನೆಯಲ್ಲಿ ಅದೇ ಪದ್ಧತಿ. ಭಾವ ಇರುವವರೆಗೆ ತಾವೇ ಸೈಕಲ್ಲಿನಲ್ಲಿ ಹೋಗಿ ತಂದರು, ಆಮೇಲೆ ಅವಳ ಮಗ ತರುತ್ತಿದ್ದಾನೆ. ಹಿರಿಯಮ್ಮನಿಗೆ ಈ ಚಟ್ನಿಯೇ ಆಗಬೇಕು ಎಂದು ಮನೆಯ ಮಕ್ಕಳೆಲ್ಲಾ ನಂಬಿದ್ದಾರೆ. ಎಡೆಗೆ ಬೇಕಾದ ಮಿಕ್ಕ ಅಡಿಗೆಯೆಲ್ಲಾ ನನ್ನದು, ಚಟ್ನಿ ಮಾತ್ರ ಹೋಟೆಲಿನದು. ಅದನ್ನು ಎಲೆಗೆ ಬಡಿಸುವವಳೂ ನಾನೇ. ಬಡಿಸುವಾಗ ಇಂದಿಗೂ ಹೊಟ್ಟೆ ಉರಿಯುತ್ತದೆ. ಅವಳ ಮೇಲೋ ಆ ಹೋಟೆಲಿನ ಮೇಲೋ ನನಗೂ ಸರಿಯಾಗಿ ತಿಳಿಯದು. ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದಾಗ ನಾನು ಅವಳಿಗೆ ಒಂದೇ ಮಾತು ಹೇಳುತ್ತೇನೆ. ತಿನ್ನಕ್ಕಾ, ಈ ವರ್ಷಕ್ಕೂ ಇದನ್ನೇ ತಿನ್ನು. ಉಪ್ಪು ಕಡಿಮೆ ಅಂತ ನನಗೂ ಗೊತ್ತು.